ಹಕ್ಕಿವೇಷದ ಪುಟ್ಟ ಅಂಗಿ

ಡ್ರೆಸ್ಡೆನ್
18 ನವೆಂಬರ್ 2001

ಅಪ್ಪಾ,

ನಮಸ್ಕಾರ ಕಾಗದದ ಕೊನೆಗೆ ಮಾಡುತ್ತೇನೆ, ಮೊದಲು ಸುದ್ದಿ ಕೇಳಿ. ನಿಮ್ಮ ಮಗಳು ಮತ್ತೆ ವೇಷದ ಪೆಟ್ಟಿಗೆಯ ಎದುರು ಕೂತಿದ್ದಾಳೆ. ಬಾರ್ಕೂರಿನಲ್ಲಿ ಇದ್ದದ್ದು ನಿಮ್ಮ ಯಕ್ಷಗಾನದ ಪೆಟ್ಟಿಗೆ, ಇಲ್ಲಿಯದು ಜಪಾನಿನ ಅರಮನೆಯ ಕುಣಿತದ್ದು. ಮದುವೆಯಾಗಿ ಸಮುದ್ರ ದಾಟಿದರೂ ಸೂಜಿ ಬಿಡಲಿಲ್ಲವಲ್ಲ ಎಂದು ಅಮ್ಮ ಹಣೆ ಚಚ್ಚಿಕೊಳ್ಳಲಿ.

ಅಕ್ಷತ್ ಬೆಳಿಗ್ಗೆ ಚಿಪ್ ಕಾರ್ಖಾನೆಗೆ ಹೋದರೆ ಬರುವುದು ಕತ್ತಲಾದ ಮೇಲೆ. ಜರ್ಮನಿಯವರು ಕಂಪ್ಯೂಟರಿನವರಿಗೆ ಕೊಡುವ ಗ್ರೀನ್ ಕಾರ್ಡ್ ಅವರದ್ದು. ಅವರ ಹೆಂಡತಿಯಾಗಿ ಬಂದ ನನಗೆ ಇಲ್ಲಿ ಕೆಲಸ ಮಾಡುವ ಅನುಮತಿ ಇನ್ನೂ ಸಿಕ್ಕಿಲ್ಲ. ಗೋಡೆ ನೋಡುತ್ತ ಕೂತು ಸಾಕಾಗಿತ್ತು. ಇಲ್ಲಿಯ ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಓದುವ ಮಂಗಳೂರಿನ ಆಲಿಸ್ ಎಂಬ ಹುಡುಗಿ ನನ್ನನ್ನು ಒಂದು ಸಣ್ಣ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಹಳೆಯ ಬಟ್ಟೆಗಳನ್ನು ದುರಸ್ತಿ ಮಾಡುವ ಫ್ರಾವ್ ಹೈನಿಕೆ ಎಂಬ ಹೆಂಗಸು ಅಲ್ಲಿದ್ದಾರೆ. ನನ್ನ ಹೊಲಿಗೆ ನೋಡಿ, ಸಂಬಳವಿಲ್ಲದೆ ಅತಿಥಿಯ ಹಾಗೆ ಬಂದು ಕೂರಬಹುದು, ಆದರೆ ಹೊರಗೆ ಹೇಳಿಕೊಂಡು ತಿರುಗಬೇಡ ಎಂದರು. ಅಂದಿನಿಂದ ದಿನವೂ ಹೋಗುತ್ತಿದ್ದೇನೆ.

ಆ ಕುಣಿತಕ್ಕೆ ಬುಗಾಕು ಎಂದು ಹೆಸರು. ನಮ್ಮಲ್ಲಿ ಬಡಗುತಿಟ್ಟು ತೆಂಕುತಿಟ್ಟು ಎಂದು ಜಗಳವಾಡುವ ಹಾಗೆ ಅವರಲ್ಲಿ ಎಡದವರು, ಬಲದವರು. ಎಡದವರಿಗೆ ಕೆಂಪು ಬಟ್ಟೆ, ಬಲದವರಿಗೆ ಹಸಿರು. ಪದರದ ಮೇಲೆ ಪದರ ಉಡಿಸುತ್ತಾರೆ. ಒಳಗಿನ ಅಂಗಿಯ ಹಿಂಭಾಗ ಸೆರಗಿನ ಹಾಗೆ ನೆಲದ ಮೇಲೆ ಎಳೆದಾಡುತ್ತದೆ. ಅದರ ಮೇಲೆ ತೋಳಿಲ್ಲದ ಒಂದು ಅಂಗಿ, ಎಲ್ಲದರ ಮೇಲೆ ಅಗಲ ತೋಳಿನ ತೆಳು ರೇಷ್ಮೆಯ ನಿಲುವಂಗಿ. ತಲೆಗೆ ಹಕ್ಕಿಯ ಕೊಕ್ಕಿನಂತೆ ಮುಂದೆ ಚಾಚಿದ ಟೋಪಿ. ಕೆಲವು ಕುಣಿತಗಳಲ್ಲಿ ಮೇಲಂಗಿಯ ಒಂದು ತೋಳನ್ನು ಜಾರಿಸಿಬಿಡುತ್ತಾರೆ, ಒಳಗಿನ ಕಸೂತಿ ಕಾಣಲಿ ಎಂದು. ನಿಮ್ಮ ಮೇಳದ ರಾಜಣ್ಣ ವೇಷದ ದಗಲೆಯ ಒಂದು ಕೈ ಬಿಚ್ಚಿಕೊಂಡು ರಂಗಕ್ಕೆ ಹೊರಟರೆ ನೀವು ಬಣ್ಣ ಹಚ್ಚುವ ಚೌಕಿಯಿಂದ ಅಟ್ಟಿಸಿಕೊಂಡು ಹೋಗುತ್ತಿದ್ದಿರಿ. ಅವರಲ್ಲಿ ಅದೇ ಚಂದ! ನಮ್ಮ ರಾಕ್ಷಸರ ಬಣ್ಣದ ವೇಷದಂಥದ್ದೂ ಒಂದುಂಟು. ತಲೆಯ ಮೇಲೆ ಘಟಸರ್ಪ ಕೂತ ಮುಖವಾಡ, ದಾರದಲ್ಲಿ ನೇತುಬಿಟ್ಟ ಗದ್ದ, ಸುತ್ತ ಕುಚ್ಚು ಇಳಿಬಿಟ್ಟ ಕೆಂಪು ಕವಚ.

ನನ್ನ ಪಾಲಿಗೆ ಬಂದದ್ದು ಮಕ್ಕಳ ಉಡುಪು. ನಾಲ್ಕು ಮಕ್ಕಳು ಹಕ್ಕಿಗಳಾಗಿ ಕುಣಿಯುವ ಆಟವಂತೆ. ಆ ಹಕ್ಕಿ ನಮ್ಮ ಕಡೆಯ ಪುರಾಣದ್ದು, ಕಲವಿಂಕ ಎನ್ನುವುದು, ಬೌದ್ಧ ಸನ್ಯಾಸಿಗಳ ಜೊತೆ ಹಾರಿಹೋಗಿ ಅಲ್ಲಿ ನೆಲೆಸಿತು ಎನ್ನುತ್ತಾರೆ. ಪುಟ್ಟ ಕೆಂಪು ಅಂಗಿ, ಬೆನ್ನಿಗೆ ಕಟ್ಟುವ ಬಣ್ಣದ ರೆಕ್ಕೆ, ಹೂ ಸಿಕ್ಕಿಸುವ ಕಿರೀಟ. ನೂರು ವರ್ಷದ ಹಿಂದೆ ಯಾರೋ ವ್ಯಾಪಾರಿ ತಂದದ್ದು, ಯುದ್ಧದ ಕಾಲದಿಂದ ಪೆಟ್ಟಿಗೆ ತೆರೆದೇ ಇರಲಿಲ್ಲ. ತೋಳಿನ ಹೊಲಿಗೆ ಬಿಟ್ಟಿದೆ, ನಾನು ಕೂಡಿಸುತ್ತಿದ್ದೇನೆ. ಗ್ಲೌಸ್ ಕೊಟ್ಟಿದ್ದಾರೆ. ಅದನ್ನು ಹಾಕಿದರೆ ಎಳೆ ಬೆರಳಿಗೆ ಸಿಗುವುದಿಲ್ಲ, ಫ್ರಾವ್ ಹೈನಿಕೆ ಆಚೆ ಹೋದ ಕೂಡಲೇ ತೆಗೆದಿಡುತ್ತೇನೆ.

ಚಿನ್ನದ ನೂಲು ಅಸಲಿಯೋ ನಕಲಿಯೋ ಎಂದು ಅವರು ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ನಾನು ನೀವು ಕಲಿಸಿದ ಹಾಗೆ ನಾಲಿಗೆಗೆ ತಾಗಿಸಿ ನೋಡಿದೆ. ತಾಮ್ರದ ಹುಳಿಯೂ ಇಲ್ಲ, ಏನೂ ಇಲ್ಲ, ಎಳೆ ಮೆತ್ತಗಾಯಿತು. ಚಿನ್ನದ ರೇಕು ಅಂಟಿಸಿದ ಕಾಗದವನ್ನು ರೇಷ್ಮೆಗೆ ಸುತ್ತಿದ್ದಾರೆ, ಅಪ್ಪಾ! ಕಾಗದ ಉಟ್ಟುಕೊಂಡು ಸಾವಿರ ವರ್ಷ ಮೆರೆದಿದ್ದಾರೆ.

ಅಮ್ಮನಿಗೆ ಬೇರೆ ಚೀಟಿ ಇಟ್ಟಿದ್ದೇನೆ. ನೀವು ಓದಬಾರದು.

ಈಗ ನಮಸ್ಕಾರ.
ನಿಮ್ಮ ಬೈಗುಳ ಕೇಳದೆ ಸೊರಗಿರುವ
ರಚನಾ


ಬಾರ್ಕೂರು
12 ಡಿಸೆಂಬರ್ 2001

ಚಿರಂಜೀವಿ ರಚನಾಳಿಗೆ ಅಪ್ಪನ ಆಶೀರ್ವಾದ.

ಚೀಟಿ ಓದಿದೆ. ಓದಬಾರದು ಎಂದು ಬರೆದದ್ದನ್ನು ಓದದೆ ಬಿಡಲು ನಾನೇನು ಋಷಿಯೇ? ನಿನ್ನ ಅಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ನಾನು ಅಳಲಿಲ್ಲ, ಚೌಕಿಗೆ ಹೋಗಿ ಸಿಕ್ಕಿದವರಿಗೆಲ್ಲ ಹೇಳಿದೆ. ಮೂರು ತಿಂಗಳು ತುಂಬುವ ತನಕ ಹೇಳಬಾರದಂತೆ. ಹೇಳಿಯಾಯಿತು, ಇನ್ನೇನು ಮಾಡುವುದು?

ಮಗಳೇ, ನೀನು ಹುಷಾರಿನಲ್ಲಿರು. ನಿನಗಿಂತ ಮೊದಲು ನಮಗೆ ಎರಡು ಉಳಿಯಲಿಲ್ಲ, ಅದು ನಿನಗೆ ಗೊತ್ತಿರುವುದೇ. ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿ ಮಾಡಿಸಿದ ಮೇಲೆ ನೀನು ಬಂದೆ. ನಿನ್ನ ಹೆಸರಿನಲ್ಲಿ ಈಗ ಮತ್ತೊಮ್ಮೆ ಹರಕೆ ಹೇಳಿಕೊಂಡಿದ್ದೇನೆ. ನಾಗದೇವರು ಒಮ್ಮೆ ಕೇಳಿದವನು ಮತ್ತೊಮ್ಮೆ ಕೇಳದೆ ಇರುತ್ತಾನೆಯೇ?

ಇನ್ನು ಆ ಜಪಾನಿನವರ ವಿಷಯ. ಒಂದು ತೋಳು ಜಾರಿಸುವುದನ್ನು ರಾಜಣ್ಣನಿಗೆ ಹೇಳಿದೆ. "ಚಳಿಗಾಲದಲ್ಲಿ ಎಂತಕ್ಕೆ ರಾಮದಾಸಣ್ಣ, ಶೀತ ಆಗುದಿಲ್ವಾ ಅವರಿಗೆ?" ಎಂದ. ಅವನ ತಲೆಗೆ ಹೊಳೆದದ್ದು ಅಷ್ಟೇ. ನನಗೆ ತಿಳಿಯಬೇಕಾದ್ದು ಬೇರೆ: ಆ ಮುಖವಾಡದ ಗದ್ದ ಯಾವ ಗಂಟಿನಲ್ಲಿ ನಿಂತಿದೆ? ಕುಣಿಯುವಾಗ ಎದೆಗೆ ಬಡಿಯುವುದಿಲ್ಲವೇ? ಚಿತ್ರ ಬರೆದು ಕಳುಹಿಸು. ಗ್ಲೌಸ್ ತೆಗೆದದ್ದು ಸರಿ. ಗ್ಲೌಸ್ ಹಾಕಿ ಹೊಲಿಯುವುದೆಂದರೆ ಕೊಡೆ ಹಿಡಿದು ಮೀಯುವ ಹಾಗೆ. ನೂಲನ್ನು ಬಾಯಲ್ಲಿ ಒದ್ದೆ ಮಾಡಿ ಏರಿಸು, ಹಲ್ಲಿನಲ್ಲಿ ಕತ್ತರಿಸು. ಕತ್ತರಿ ತಾಗಿದರೆ ಹಳೆ ರೇಷ್ಮೆಯ ಎಳೆ ಬಿಚ್ಚಿಕೊಳ್ಳುತ್ತದೆ. ನನ್ನ ಮಗಳು ಎಂದು ಆ ಹೆಂಗಸಿಗೆ ಗೊತ್ತಾಗಲಿ.

ನಿನ್ನ ಹೆಮ್ಮೆಯ
ಅಪ್ಪ, ರಾಮದಾಸ


ಡ್ರೆಸ್ಡೆನ್
20 ಜನವರಿ 2002

ಅಪ್ಪಾ,

ಅಕ್ಷರ ಹೇಗಿದ್ದರೂ ಓದಿಕೊಳ್ಳಿ. ನನಗೆ ತುಂಬ ಹೆದರಿಕೆಯಾಗಿದೆ.

ಹೋದ ವಾರ ಮ್ಯೂಸಿಯಮ್ಮಿಗೆ ಉಡುಪುಗಳನ್ನು ಪರೀಕ್ಷೆ ಮಾಡಲು ಇಬ್ಬರು ಬಂದರು. ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ಕಿನ ಅಂಗಿ, ಮೂಗು ಬಾಯಿಗೆ ಮಾಸ್ಕ್. ನಾನು ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಪುಟ್ಟ ಅಂಗಿಯ ತೋಳು ಹಿಡಿದು ಕೂತಿದ್ದೆ. ಫ್ರಾವ್ ಹೈನಿಕೆ ಓಡಿ ಬಂದು ಏಳು, ಏಳು, ಮುಟ್ಟಬೇಡ ಎಂದು ಕೈಯಾಡಿಸಿದರು. ಸೋಪು ಕೊಟ್ಟು ಕೈ ತೊಳೆಸಿದರು. ಹೊಲಿಗೆಯ ಸಂದಿಯಲ್ಲಿ ಬಿಳಿ ಹುಡಿ ಇದ್ದದ್ದನ್ನು ನಾನು ಮೊದಲಿನಿಂದಲೂ ನೋಡಿದ್ದೆ. ಕುಣಿಯುವ ಮಕ್ಕಳ ಮುಖದ ಪೌಡರ್ ಇರಬೇಕು ಎಂದುಕೊಂಡಿದ್ದೆ.

ಅವರು ಜರ್ಮನ್‌ನಲ್ಲಿ ಹೇಳಿದ್ದು ನನಗೆ ಪೂರ್ತಿ ತಿಳಿಯಲಿಲ್ಲ. ಸಂಜೆ ಆಲಿಸ್ ಫ್ರಾವ್ ಹೈನಿಕೆಯವರನ್ನು ಕೇಳಿಕೊಂಡು ಬಂದು ಬಿಡಿಸಿ ಹೇಳಿದಳು.

"ಆರ್ಸೆನಿಕ್ ಮಾರಾಯ್ತಿ, ನಮ್ಮ ಪಾಷಾಣ. ಹುಳ ತಿನ್ಬಾರ್ದು ಅಂತ ಹಿಂದಿನವರು ಬಟ್ಟೆಗೆಲ್ಲ ಹೊಡೀತಿದ್ರು. ಮಕ್ಕಳ ಡ್ರೆಸ್ಸಿನಲ್ಲೇ ಜಾಸ್ತಿ ಉಂಟಂತೆ. ನೀನು ಗ್ಲೌಸ್ ಹಾಕ್ತಿದ್ದಿ ಅಲ್ವಾ?"

"ಹೂಂ" ಎಂದೆ.

ಅಪ್ಪಾ, ಆ ನೂಲನ್ನು ನಾನು ಬಾಯಲ್ಲಿಟ್ಟಿದ್ದೆ. ಒಂದು ಸಲವಲ್ಲ, ದಿನವೂ. ಅದೇ ಕೈಯಲ್ಲಿ ಬುತ್ತಿ ತಿಂದಿದ್ದೇನೆ. ಆಗೆಲ್ಲ ನನ್ನ ಹೊಟ್ಟೆಯಲ್ಲಿ ಮಗು ಇತ್ತು.

ಯಾರಿಗೂ ಹೇಳಿಲ್ಲ. ದಪ್ಪ ಸ್ವೆಟರ್ ಹಾಕಿಕೊಂಡು ಹೋಗುತ್ತಿದ್ದೆ, ಬಸುರಿ ಎಂದು ಫ್ರಾವ್ ಹೈನಿಕೆಗೂ ಗೊತ್ತಿಲ್ಲ. ಹೇಳಿದರೆ ಡಾಕ್ಟರು ಎಲ್ಲಿ ಮುಟ್ಟಿದೆ, ಯಾಕೆ ಮುಟ್ಟಿದೆ ಎಂದು ಕೇಳುತ್ತಾರೆ. ಅಲ್ಲಿಂದ ಮಾತು ಆಸ್‌ಲೆಂಡರ್‌ಬೆಹೋರ್ಡೆಗೆ, ಅಂದರೆ ನಮ್ಮ ವೀಸಾ ನೋಡುವ ಕಚೇರಿಗೆ ಹೋದರೆ? ಅನುಮತಿ ಇಲ್ಲದೆ ಕೆಲಸ ಮಾಡಿದಳು ಎಂದು ಅಕ್ಷತ್ ತಲೆಗೆ ಬಂದರೆ? ಅವರ ಆಫೀಸಿನಲ್ಲಿ ಜನರನ್ನು ತೆಗೆಯುತ್ತಿದ್ದಾರೆ. ಮನೆಗೆ ಬಂದವರೇ "ಇವತ್ತು ಉಳಿದೆ" ಎಂದು ಶೂ ಬಿಚ್ಚುತ್ತಾರೆ. ಆ ಮುಖಕ್ಕೆ ಇದನ್ನು ಹೇಗೆ ಹೇಳಲಿ?

ಬಾಯಿ ತೊಳೆದು ತೊಳೆದು ಒಸಡಿನಿಂದ ರಕ್ತ ಬರುತ್ತಿದೆ. ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿರುತ್ತೇನೆ. ಮಗು ಇನ್ನೂ ಅಲ್ಲಾಡಿಲ್ಲ. ಇಷ್ಟು ಬೇಗ ಅಲ್ಲಾಡುವುದಿಲ್ಲ ಎನ್ನುತ್ತಾರೆ. ಅಲ್ಲಾಡದಿರುವುದು ಅದಕ್ಕೋ, ಇದಕ್ಕೋ?

ಕೇಳಬೇಕಾದ್ದು ಒಂದೇ. ವೇಷಧಾರಿಗಳ ಮುಖಕ್ಕೆ ಹಚ್ಚುವ ಹಳದಿ, ನಮ್ಮ ಅರದಾಳದ ಕಲ್ಲು, ಅದರಲ್ಲೂ ಇದೇ ವಿಷ ಉಂಟು ಎಂದಳು ಆಲಿಸ್. ನೀವು ಅದರ ನಡುವೆಯೇ ಬದುಕಿದವರು. ಅದರಿಂದ ನಮ್ಮಲ್ಲಿ ಯಾರಿಗಾದರೂ ಏನಾದರೂ ಆದದ್ದುಂಟೇ? ಏನೂ ಆಗಿಲ್ಲ ಎಂದು ಬರೆಯಿರಿ. ನಿಜವಾಗಿದ್ದರೆ ಮಾತ್ರ ಬರೆಯಿರಿ.

ನೆರೆಮನೆಯ ಕಾಂತಮ್ಮನಲ್ಲಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಲಾರೆ, ಅಲ್ಲಿ ಅರ್ಧ ಊರು ಕೂತು ಕೇಳುತ್ತದೆ. ಬೇಗ ಉತ್ತರ ಹಾಕಿ.

ರಚನಾ


ಬಾರ್ಕೂರು
10 ಫೆಬ್ರವರಿ 2002

ರಚನಾ,

ಅಪ್ಪನಿಗೆ ಬರೆದ ಕಾಗದ ನಾನು ಒಡೆದೆ. ಅವರು ಘಟ್ಟದ ಮೇಲಿನ ಆಟಗಳಿಗೆ ಹೋಗಿದ್ದಾರೆ. ಓದಿ ಅಕ್ಕಿಯ ಡಬ್ಬದಡಿ ಇಟ್ಟಿದ್ದೇನೆ. ಅವರಿಗೆ ತೋರಿಸುವುದಿಲ್ಲ.

ನೀನು ಕೇಳಿದ್ದಕ್ಕೆ ನಾನು ಉತ್ತರ ಹೇಳುತ್ತೇನೆ. ಹೇಳಬೇಕೋ ಬೇಡವೋ ಎಂದು ಬಹಳ ಯೋಚನೆ ಮಾಡಿದೆ. ಸುಳ್ಳು ಬರೆದರೆ ನೀನು ಸುಮ್ಮನೆ ಕೂರುತ್ತೀ. ನೀನು ಸುಮ್ಮನೆ ಕೂರಬಾರದು.

ಮದುವೆಯಾಗಿ ಬಂದ ವರ್ಷದಿಂದ ಈ ಮನೆಯಲ್ಲಿ ಅರದಾಳ ಅರೆಯುವ ಕೆಲಸ ನನ್ನದು. ಅಪ್ಪ ಪೇಟೆಯಿಂದ ಹಳದಿ ಕಲ್ಲು ತರುತ್ತಿದ್ದರು. ಅದನ್ನು ಕುಟ್ಟಿ ಹುಡಿ ಮಾಡಿ, ನೀರು ಬಿಟ್ಟು, ಬೆಣ್ಣೆಯಷ್ಟು ನುಣುಪಾಗುವ ತನಕ ಕಲ್ಲಿನ ಮೇಲೆ ತಿಕ್ಕಬೇಕು. ಕುಟ್ಟುವಾಗ ಹುಡಿ ಹಾರಿ ಮೂಗು ಬಾಯಿಗೆಲ್ಲ ಹೋಗುತ್ತಿತ್ತು. ಉಗುರಿನೊಳಗೆ ಯಾವಾಗಲೂ ಹಳದಿ. ಅದೇ ಕೈಯಲ್ಲಿ ಊಟ. ಮೊದಲನೆಯದು ಹೊಟ್ಟೆಯಲ್ಲಿದ್ದಾಗ ಆರು ತಿಂಗಳ ತನಕ ಅರೆದೆ. ಅದು ಸತ್ತೇ ಹುಟ್ಟಿತು. ಎರಡನೆಯದನ್ನು ಸೂಲಗಿತ್ತಿ ಬಟ್ಟೆಯಲ್ಲಿ ಸುತ್ತಿ ಹಿತ್ತಿಲ ಬಾಗಿಲಿನಿಂದ ತೆಗೆದುಕೊಂಡು ಹೋದಳು. ನನಗೆ ತೋರಿಸಲಿಲ್ಲ. ತೋರಿಸು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನಿನ್ನ ಸಲ ನನ್ನ ಅಮ್ಮ ಜಗಳ ಮಾಡಿ ಎರಡನೇ ತಿಂಗಳಿಗೇ ತವರಿಗೆ ಕರೆದುಕೊಂಡು ಹೋದಳು. ಅಲ್ಲಿ ಅರೆಯುವ ಕಲ್ಲಿರಲಿಲ್ಲ. ನೀನು ಉಳಿದೆ. ಎಲ್ಲರೂ ಆಶ್ಲೇಷಾ ಬಲಿಯಿಂದ ಎಂದರು, ನಾನೂ ಹಾಗೇ ನಂಬಿದ್ದೆ. ನಿನ್ನ ಕಾಗದ ಓದುವ ತನಕ.

ಇದೇ ಕಾರಣ ಎಂದು ನನಗೆ ಹೇಗೆ ಗೊತ್ತು, ನಾನೇನು ಡಾಕ್ಟರೇ? ಆದರೆ ಓದಿದವಳು ಜಗಲಿಯಲ್ಲಿ ಕೂತುಬಿಟ್ಟೆ.

ನೀನು ನಾಳೆಯೇ ಹೋಗಿ ಹೇಳು. ನಾಲಿಗೆಗೆ ತಾಗಿಸಿದ್ದನ್ನೂ ಹೇಳು. ವೀಸಾ ಹೋದರೆ ಹೋಗಲಿ, ಇಲ್ಲಿ ಗಂಜಿಗೆ ಕೊರತೆಯಿಲ್ಲ. ನನಗೆ ಆಗ ಹೇಳಿಕೊಳ್ಳಲು ಯಾರೂ ಇರಲಿಲ್ಲ, ಹೇಳಬೇಕಾದ್ದು ಏನು ಎಂದೂ ಗೊತ್ತಿರಲಿಲ್ಲ. ನಿನಗೆ ಎರಡೂ ಉಂಟು.

ಅಪ್ಪನಿಗೆ ಮಾತ್ರ ಯಾವತ್ತೂ ಹೇಳಬೇಡ. ತಾನೇ ಕೈಯಾರೆ ತಂದು ಕೊಟ್ಟದ್ದು ಎಂದು ಗೊತ್ತಾದರೆ ಆ ಮನುಷ್ಯ ಉಳಿಯುವುದಿಲ್ಲ. ನನ್ನ ಮೇಲೆ ಆಣೆ.

ಅಮ್ಮ


ಹೊಸನಗರದ ಬಿಡಾರದಿಂದ
24 ಫೆಬ್ರವರಿ 2002

ರಚನಾ ಮಗಳಿಗೆ,

ನನ್ನ ಕಾಗದಕ್ಕೆ ಉತ್ತರವೇ ಇಲ್ಲ. ಜಪಾನಿನ ರಾಜ ನಿನ್ನನ್ನು ಅರಮನೆಗೆ ಕರೆಸಿಕೊಂಡನೋ ಹೇಗೆ? ಕಾಂತಮ್ಮನ ಮನೆಗೆ ಫೋನ್ ಮಾಡಿ ಕರೆಸಿ ಕೇಳಿದರೆ ನಿನ್ನ ಅಮ್ಮ "ಚೆನ್ನಾಗಿದ್ದಾಳೆ" ಎಂದು ಇಟ್ಟುಬಿಡುತ್ತಾಳೆ. ಈಗೀಗ ನನ್ನ ಮೇಲೆ ಅವಳಿಗೆ ಏನೋ ಸಿಟ್ಟು. ಏನು ಮಾಡಿದೆ ಎಂದು ಗೊತ್ತಾಗಿದ್ದರೆ ತಪ್ಪು ಕಾಣಿಕೆ ಇಡಬಹುದಿತ್ತು.

ಇಲ್ಲಿ ಆಟಗಳು ಚೆನ್ನಾಗಿ ಆಗುತ್ತಿವೆ. ಮೊನ್ನೆ ರಾಜಣ್ಣನ ಬಣ್ಣದ ವೇಷ ನೋಡಿ ಮಕ್ಕಳು ತಾಯಂದಿರ ಮಡಿಲಲ್ಲಿ ಮುಖ ಮುಚ್ಚಿಕೊಂಡವು. ಗದ್ದ ಕಟ್ಟಿದ ಗಂಟಿನ ಚಿತ್ರಕ್ಕೆ ಕಾಯುತ್ತಿದ್ದೇನೆ. ಆ ಹಕ್ಕಿಯ ಅಂಗಿ ಮುಗಿಯಿತೇ? ಮುಗಿದ ಮೇಲೆ ಹೊಟ್ಟೆಯ ಮೇಲೆ ಒಮ್ಮೆ ಹಿಡಿದು ನೋಡು, ನಮ್ಮ ಮಗುವಿಗೆ ಎಷ್ಟು ದೊಡ್ಡದಾಗುತ್ತದೆ ಎಂದು ತಿಳಿಯುತ್ತದೆ.

ಮಗಳ ಕಾಗದ ಕಾಣದೆ ಬೇಜಾರಾದ
ಅಪ್ಪ


ಡ್ರೆಸ್ಡೆನ್
24 ಮಾರ್ಚ್ 2002

ಅಮ್ಮಾ,

ಹೇಳಿದೆ.

ನಿನ್ನ ಕಾಗದ ಬಂದ ದಿನ ಓದಿ ಮಂಚದ ಮೇಲೆ ಬಿದ್ದುಕೊಂಡೆ. ಮರುದಿನ ಆಲಿಸ್‌ಳನ್ನು ಕರೆದುಕೊಂಡು ಮ್ಯೂಸಿಯಮ್ಮಿಗೆ ಹೋದೆ. ದಾರಿಯಲ್ಲಿ ಟ್ರಾಮಿನಲ್ಲೇ ಅವಳಿಗೆ ಹೇಳಿದೆ. "ಎಂತ ಮಾರಾಯ್ತಿ, ನಾಲಿಗೆಗೆ ಹಚ್ಚಿದ್ದಾ? ಇಷ್ಟು ದಿನ ಬಾಯಿ ಮುಚ್ಚಿ ಕೂತದ್ದಾ?" ಎಂದು ಬೈದಳು. ಬೈಯುತ್ತಲೇ ನನ್ನ ಕೈ ಹಿಡಿದುಕೊಂಡಳು.

ಉಡುಪುಗಳನ್ನೆಲ್ಲ ಈಗ ಪ್ಲಾಸ್ಟಿಕ್ಕಿನ ಒಳಗೆ ಇಟ್ಟಿದ್ದಾರೆ. ಕೆಂಪು ಒಂದು ಕಡೆ, ಹಸಿರು ಒಂದು ಕಡೆ, ಉಸಿರು ಕಟ್ಟಿ ಮಲಗಿದ ಹಾಗೆ. ಫ್ರಾವ್ ಹೈನಿಕೆ ಮಾಸ್ಕ್ ಹಾಕಿಕೊಂಡು ಅವುಗಳ ಎದುರು ಕೂತಿದ್ದರು. ನಾನು ಸ್ವೆಟರ್ ತೆಗೆದೆ. ಹೊಟ್ಟೆ ತೋರಿಸಿದೆ. ಆಮೇಲೆ ನೂಲನ್ನು ಬಾಯಿಗೆ ಹಿಡಿದ ಹಾಗೆ ಕೈ ಮಾಡಿ ನಾಲಿಗೆ ಚಾಚಿದೆ. ಆಲಿಸ್ ಜರ್ಮನ್‌ನಲ್ಲಿ ಹೇಳುವ ಮೊದಲೇ ಅವರಿಗೆ ತಿಳಿಯಿತು.

ಬೈಯಲಿಲ್ಲ, ಅಮ್ಮಾ. ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ತಾವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ದಾರಿಯಲ್ಲಿ ನಾನು ವೀಸಾ ಕಚೇರಿಯ ಹೆಸರೆತ್ತಿ ಅತ್ತೆ. ಅವರು ಹೇಳಿದ್ದನ್ನು ಆಲಿಸ್ ಹೀಗೆ ಹೇಳಿದಳು: "ನೀನು ಅವರ ಗೆಸ್ಟ್ ಅಂತೆ. ಗೆಸ್ಟಿಗೆ ವಿಷ ಹಾಕಿದ್ದು ಅವರಂತೆ. ಯಾರಾದ್ರೂ ಕೇಳಿದ್ರೆ ಅವರನ್ನೇ ಕೇಳ್ಲಿ ಅಂತೆ." ಅವರೂ ಎಷ್ಟೋ ಸಲ ಗ್ಲೌಸ್ ತೆಗೆದದ್ದುಂಟಂತೆ. ಗ್ಲೌಸಿನಲ್ಲಿ ಎಳೆ ಸಿಗುವುದಿಲ್ಲ ಎಂದರು.

ರಕ್ತ ತೆಗೆದರು, ಮೂತ್ರ ತೆಗೆದರು. ಈಗ ನನ್ನ ಮೈಯಲ್ಲಿ ವಿಷ ಇಲ್ಲ ಎಂದರು. ಸಂತೋಷಪಡುವಷ್ಟರಲ್ಲಿ ಇನ್ನೊಂದು ಮಾತು ಹೇಳಿದರು: ಅದು ಕೆಲವೇ ದಿನಗಳಲ್ಲಿ ಮೈಯಿಂದ ಹೋಗಿಬಿಡುತ್ತದೆ, ಆಗ ಎಷ್ಟಿತ್ತು ಎಂದು ಈಗ ಹೇಳಲಾಗದು. ಸ್ಕ್ಯಾನಿನಲ್ಲಿ ಹೃದಯ, ಬೆನ್ನುಮೂಳೆ, ಕೈ, ಕಾಲು ಎಲ್ಲ ತೋರಿಸಿದರು. ಕಾಣುವುದೆಲ್ಲ ಸರಿಯಿದೆಯಂತೆ. ಕಾಣದೆ ಇರುವುದು? ಅದಕ್ಕೆ ಹುಟ್ಟುವ ತನಕ ಕಾಯಬೇಕಂತೆ.

ಅಕ್ಷತ್‌ಗೂ ಹೇಳಿದೆ. ಮೊದಲು ಮೇಜಿಗೆ ಗುದ್ದಿದರು. "ಕೆಲಸ ಹೋದ್ರೆ ಊರಿಗೆ ಹೋಗುವಾ ಮಾರಾಯ್ತಿ, ಎಂತ ಆಗ್ತದೆ? ಇದನ್ನು ಒಬ್ಬಳೇ ಹೊತ್ಕೊಂಡು ಕೂತದ್ದಲ್ವಾ ನೀನು!" ಎಂದರು. ಆಮೇಲೆ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆವು. ಅವರು ಈಗ ಮನೆಗೆ ಬಂದರೆ ಆಫೀಸಿನ ಸುದ್ದಿ ಎತ್ತುವುದಿಲ್ಲ, ಮಗು ಅಲ್ಲಾಡಿತಾ ಎಂದು ಕೇಳುತ್ತಾರೆ.

ಅಲ್ಲಾಡುತ್ತದೆ. ತುಂಬ ಅಲ್ಲಾಡುತ್ತದೆ. ಈಗ ಅದೂ ಹೆದರಿಕೆ, ಒಳಗೆ ಏನಾದರೂ ಸಂಕಟವಿರಬಹುದೇ ಎಂದು.

ನಿನ್ನ ಆ ಎರಡನ್ನು ನೆನೆಸಿಕೊಳ್ಳದೆ ನನಗೆ ಒಂದು ದಿನವೂ ಕಳೆಯುವುದಿಲ್ಲ. ಅಪ್ಪನಿಗೆ ಏನೂ ಬರೆದಿಲ್ಲ. ಚಳಿ, ಹಿಮ, ಆರೋಗ್ಯ ಎಂದು ಒಂದು ಕಾರ್ಡ್ ಹಾಕಿ ಸುಮ್ಮನಾದೆ.

ರಚನಾ


ಬಾರ್ಕೂರು
14 ಜುಲೈ 2002

ನನ್ನ ಮೊಮ್ಮಗಳ ತಾಯಿಗೆ,

ಇನ್ನು ನಿನ್ನನ್ನು ಹೀಗೇ ಕರೆಯುವುದು, ಬೇಜಾರು ಮಾಡಿಕೊಳ್ಳಬೇಡ, ನಿನ್ನ ಕಾಲ ಮುಗಿಯಿತು.

ಕಾಂತಮ್ಮನ ಮನೆಯ ಫೋನಿನಲ್ಲಿ ನಿನ್ನ ಗಂಡ "ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ" ಎಂದದ್ದೇ ತಡ, ನಿನ್ನ ಅಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ಕೈ ಉಂಟಾ, ಕಾಲು ಉಂಟಾ, ಬೆರಳು ಉಂಟಾ ಎಂದು ಕೇಳಿದ್ದನ್ನೇ ಕೇಳಿದಳು. ಇರದೆ ಇರಲು ಎಂತ, ನಮ್ಮ ಮಗು ಏನು ಮುರಿದ ಬೊಂಬೆಯಾ ಎಂದು ನಾನು ಗದರಿದೆ. ಅವಳು ನನ್ನನ್ನು ನೋಡಿದ ನೋಟ ನನಗೆ ಅರ್ಥವಾಗಲಿಲ್ಲ.

ಇದರ ಜೊತೆಗೆ ಒಂದು ಪೊಟ್ಟಣ ಇಟ್ಟಿದ್ದೇನೆ. ಜೋಪಾನ. ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಮೇಳದ ಬಣ್ಣದಿಂದ ಹಣೆಗೆ ಒಂದು ಬೊಟ್ಟು ಇಡುವುದು ನನ್ನ ಅಜ್ಜನ ಕಾಲದಿಂದ ಬಂದದ್ದು. ನಿನಗೂ ಇಟ್ಟಿದ್ದೆ. ಚೌಕಿಯ ಗಣಪತಿಯ ಮುಂದೆ ಇಟ್ಟು ತಂದ ಅರದಾಳ ಇದು. ನಿನ್ನ ಅಮ್ಮನಿಗೆ ಹೇಳಿದರೆ ಬೇಡ ಎಂದು ಹಠ ಹಿಡಿಯುತ್ತಾಳೆ, ಈಗೀಗ ಅವಳಿಗೆ ಬಣ್ಣ ಕಂಡರೆ ಆಗುವುದಿಲ್ಲ. ಅವಳಿಗೆ ಗೊತ್ತಿಲ್ಲದ ಹಾಗೆ ಕಳುಹಿಸುತ್ತಿದ್ದೇನೆ. ಎರಡು ಹನಿ ನೀರಿನಲ್ಲಿ ಕಲಸಿ ನೀನೇ ನಿನ್ನ ಬೆರಳಿನಿಂದ ಇಡು.

ಅರೆಯುವ ಕೆಲಸವನ್ನೂ ಅವಳು ಬಿಟ್ಟಿದ್ದಾಳೆ. ಸುಮ್ಮನೆ ಬಿಟ್ಟದ್ದಲ್ಲ, ಅರೆಯುವ ಕಲ್ಲನ್ನೇ ಪಾಳುಬಾವಿಗೆ ಹಾಕಿದ್ದಾಳೆ! ವಯಸ್ಸಾಯಿತು, ಆಗುವುದಿಲ್ಲ ಎಂದರೆ ನಾನು ಕೇಳುತ್ತಿರಲಿಲ್ಲವೇ? ಮಳೆಗಾಲ ಮುಗಿಯುವುದರೊಳಗೆ ವರ್ಷಕ್ಕಾಗುವಷ್ಟು ಅರೆದಿಡಬೇಕು. ರಾಜಣ್ಣನ ಸೊಸೆ ಒಪ್ಪಿಕೊಂಡಿದ್ದಾಳೆ. ಅವಳೂ ಬಸುರಿ, ಈಗಷ್ಟೇ ಮೂರು ತಿಂಗಳು. ಕೂತಲ್ಲೇ ಮಾಡುವ ಕೆಲಸ, ಅವಳಿಗೂ ಹೊತ್ತು ಹೋಗುತ್ತದೆ. ಬಹಳ ಚುರುಕು ಹುಡುಗಿ. ಈ ಪೊಟ್ಟಣದ್ದು ಅವಳೇ ಅರೆದದ್ದು.

ಮಗುವಿಗೆ ನನ್ನ ಮುತ್ತು.

ಅಜ್ಜ


ಡ್ರೆಸ್ಡೆನ್
28 ಜುಲೈ 2002

ಅಪ್ಪಾ,

ನಿನ್ನೆ ಬೆಳಿಗ್ಗೆ ನಿಮ್ಮ ಕಾಗದ ಬಂತು. ಓದಿದವಳೇ ಕಾಂತಮ್ಮನ ಮನೆಗೆ ಫೋನ್ ಮಾಡಿ ನಿಮ್ಮನ್ನು ಕರೆಸಿದೆ. ರಾಜಣ್ಣನ ಸೊಸೆಯ ಕೈಯಿಂದ ಇವತ್ತೇ ಕಲ್ಲು ತೆಗೆಸಿ, ಇನ್ನೊಂದು ಸಲ ಅವಳು ಅದನ್ನು ಮುಟ್ಟಬಾರದು, ಅವಳನ್ನು ಡಾಕ್ಟರ ಹತ್ತಿರ ಕಳುಹಿಸಿ ಎಂದೆ. "ಎಂತಕ್ಕೆ?" ಎಂದಿರಿ. "ಹೇಳಿದಷ್ಟು ಮಾಡಿ, ಕಾಗದ ಬರೆಯುತ್ತೇನೆ" ಎಂದು ಇಟ್ಟೆ. ನಿಮಗೆ ಅಷ್ಟು ಜೋರಾಗಿ ನಾನು ಯಾವತ್ತೂ ಮಾತಾಡಿದವಳಲ್ಲ. ಆ ಕಾಗದ ಇದು.

ಪೊಟ್ಟಣ ಬಿಚ್ಚಿದೆ. ಆ ಹಳದಿ ಕಂಡ ಕೂಡಲೇ ಚೌಕಿಯ ದೀಪ, ನಿಮ್ಮ ಮಡಿಲು ಎಲ್ಲ ಎದುರಿಗೆ ಬಂತು. ಮಗು ತೊಡೆಯ ಮೇಲೆ ಮಲಗಿತ್ತು. ನೀವು ಎಷ್ಟು ಪ್ರೀತಿಯಿಂದ ಕಳುಹಿಸಿದ್ದೀರಿ ಎಂದು ನನಗೆ ಗೊತ್ತು. ಪೊಟ್ಟಣವನ್ನು ಮಗುವಿನಿಂದ ಆದಷ್ಟು ದೂರ ಇಟ್ಟು, ಕೈ ತೊಳೆದು, ಮತ್ತೆ ತೊಳೆದು, ಆಲಿಸ್‌ಳನ್ನು ಕರೆಸಿದೆ. ಅವಳು ಮುಚ್ಚಳದ ಡಬ್ಬದಲ್ಲಿ ಹಾಕಿ ತೆಗೆದುಕೊಂಡು ಹೋದಳು. ನಿಮ್ಮ ಮೊಮ್ಮಗಳ ಹಣೆಗೆ ಬೊಟ್ಟು ಇಡಲಿಲ್ಲ.

ಅರದಾಳ ವಿಷ, ಅಪ್ಪಾ. ಹೊಟ್ಟೆಯಲ್ಲಿರುವ ಮಗುವಿಗೆ ಇನ್ನೂ ಹೆಚ್ಚು. ಜನವರಿಯಲ್ಲಿ ನಾನು ನಿಮಗೊಂದು ಕಾಗದ ಬರೆದಿದ್ದೆ. ಈ ಜಪಾನಿನ ಉಡುಪುಗಳಲ್ಲಿ ಅದೇ ವಿಷದ ಹುಡಿ ತುಂಬಿತ್ತು. ಗೊತ್ತಿಲ್ಲದೆ ನಾನು ಆ ನೂಲನ್ನು ಬಾಯಲ್ಲಿ ಇಟ್ಟುಕೊಂಡೇ ಹೊಲಿದೆ. ಅಲ್ಲಿಂದ ಮಗು ಹುಟ್ಟುವ ತನಕ ನಾನು ನೆಮ್ಮದಿಯಾಗಿ ಉಸಿರಾಡಲಿಲ್ಲ. ಮಗು ಚೆನ್ನಾಗಿದೆ. ಇನ್ನು ಹೆದರಬೇಡ ಎಂದು ಡಾಕ್ಟರು ಹೇಳಿದ್ದಾರೆ, ಆದರೂ ಅವಳು ಸ್ವಲ್ಪ ಹೆಚ್ಚು ಹೊತ್ತು ನಿದ್ದೆ ಮಾಡಿದರೆ ನಾನು ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ. ಆ ಪುಟ್ಟ ಅಂಗಿ ಮುಗಿಯಲಿಲ್ಲ. ಒಂದು ತೋಳು ಬಿಟ್ಟುಕೊಂಡ ಹಾಗೆಯೇ ಮ್ಯೂಸಿಯಮ್ಮಿನವರು ಗಾಜಿನೊಳಗೆ ನಿಲ್ಲಿಸಿದ್ದಾರೆ. ಮೊನ್ನೆ ಫ್ರಾವ್ ಹೈನಿಕೆ ಕರೆದರು ಎಂದು ಹೋದೆವು. ಅಕ್ಷತ್ ಮಗುವನ್ನು ಎತ್ತಿಕೊಂಡು ಬೀದಿಯಲ್ಲೇ ನಿಂತರು. ನಾನು ಬಾಗಿಲಿನಿಂದ ಒಳಗೆ ಹೋಗಲಾರದೆ ವಾಪಸು ಬಂದೆ.

ಜನವರಿಯ ಆ ಕಾಗದ ನಿಮಗೆ ತಲುಪಲಿಲ್ಲ. ಅಮ್ಮ ಅದನ್ನು ಓದಿ ಎತ್ತಿಟ್ಟಳು, ನಿಮಗೆ ಯಾವತ್ತೂ ಹೇಳಬಾರದು ಎಂದು ಆಣೆ ಹಾಕಿದಳು. ಇವತ್ತು ಆ ಆಣೆ ಮುರಿಯುತ್ತಿದ್ದೇನೆ. ಅಲ್ಲೊಬ್ಬಳು ಹುಡುಗಿ ಮೂರು ತಿಂಗಳ ಬಸುರಿ, ಆ ಕಲ್ಲಿನ ಎದುರು ಕೂತಿದ್ದಾಳೆ. ಫೋನಿನಲ್ಲಿ ಒಂದು ಮಾತು ಹೇಳಿದರೆ ಸಾಲದು. ಕಾರಣ ಗೊತ್ತಿಲ್ಲದೆ ಹೋದರೆ ನೀವು ಆ ಕಲ್ಲನ್ನು ನಾಳೆ ಇನ್ನೊಬ್ಬಳ ಮನೆಗೆ ಕೊಡುತ್ತೀರಿ.

ಕಾರಣದ ಅರ್ಧ ನಾನು ಬರೆದಿದ್ದೇನೆ. ಇನ್ನರ್ಧ ನನ್ನದಲ್ಲ, ಅಮ್ಮನದು. ಈಗ ಕಾಗದ ಮಡಚಿ ಒಳಗೆ ಹೋಗಿ. ಅಮ್ಮ ಏನು ಮಾಡುತ್ತಿದ್ದರೂ ಸರಿ, ಹತ್ತಿರ ಕೂರಿಸಿಕೊಳ್ಳಿ. ನನಗಿಂತ ಮೊದಲು ಹುಟ್ಟಿದ ಇಬ್ಬರ ಬಗ್ಗೆ ಕೇಳಿ. ಆಗ ಅವಳು ದಿನವೂ ಏನು ಕೆಲಸ ಮಾಡುತ್ತಿದ್ದಳು ಎಂದು ಕೇಳಿ. ಅವಳು ಬೇಡ ಎನ್ನುತ್ತಾಳೆ, ಬೈಯುತ್ತಾಳೆ, ಎದ್ದು ಹೋಗಲು ನೋಡುತ್ತಾಳೆ. ಬಿಡಬೇಡಿ. ಹೇಳಿ ಮುಗಿಸುವ ತನಕ ನೀವೂ ಏಳಬೇಡಿ.

ನಿಮ್ಮ ಮಗಳು
ರಚನಾ